ಅದರಲ್ಲಿ ರೋಗ ವಾಸಿಯಾಗುವುದೇ ಇಲ್ಲವಲ್ಲ, ಮೇಡಂ?

ವೈದ್ಯಕೀಯ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಗೆ ನಿಲ್ಲುವ ಹೊಸ ಹೌಸ್ ಸರ್ಜನ್ನರು ಬಂದು ಸೇರಿದ ಮೊದಲ ತಿಂಗಳಲ್ಲಿ, ಯಾವುದಾದರೊಂದು ಭಾನುವಾರ ಮಧ್ಯಾಹ್ನ ಅವರನ್ನು ಸೆಮಿನಾರ್ ಹಾಲಿನಲ್ಲಿ ಕೂರಿಸಿ, ಕಪ್ಪು-ಬಿಳುಪಿನ ಒಂದು ಜಪಾನಿ ಚಿತ್ರವನ್ನು ತೋರಿಸುವುದು ನಾನು ಹಲವು ವರ್ಷಗಳಿಂದ ಇಟ್ಟುಕೊಂಡು ಬಂದಿರುವ ಪದ್ಧತಿ. ಅದು ಅಕಿರಾ ಕುರೊಸಾವ ಅವರು 1965ರಲ್ಲಿ ತೆರೆಗೆ ತಂದ ‘ಅಕಾಹಿಗೆ’. ಹಾಗೆಂದರೆ ಕೆಂಪು ಗಡ್ಡ. ಜಪಾನಿನ ಹೊರಗೆ ಅದು ‘ರೆಡ್ ಬಿಯರ್ಡ್’ ಎಂದು ಪ್ರಸಿದ್ಧವಾಗಿದೆ. ಒಟ್ಟು ಮೂರು ಗಂಟೆ ಐದು ನಿಮಿಷದ ಚಿತ್ರ. ಮುಗಿದು ದೀಪ ಹಾಕಿದ ಮೇಲೆ, ನೋಡಿದವರಲ್ಲಿ ಒಬ್ಬರಾದರೂ ಎದ್ದು ನಿಂತು, ಸ್ವಲ್ಪ ಸಂಕೋಚದಿಂದಲೇ ಹೆಚ್ಚುಕಡಿಮೆ ಇದೇ ಮಾತನ್ನು ಕೇಳುತ್ತಾರೆ: “ಅದರಲ್ಲಿ ರೋಗ ವಾಸಿಯಾಗುವುದೇ ಇಲ್ಲವಲ್ಲ, ಮೇಡಂ? ಡಾಕ್ಟರುಗಳ ಮೇಲೆ ಅಷ್ಟೊಂದು ಸಿನಿಮಾ ಇರುವಾಗ ಇದನ್ನೇ ಯಾಕೆ ತೋರಿಸುತ್ತೀರಿ?” ಹುಡುಗರು ಮಾತ್ರವಲ್ಲ, ನನ್ನ ಮಾತು ಕೇಳಿ ಮನೆಯಲ್ಲಿ ಚಿತ್ರ ಹಾಕಿಕೊಂಡು ನೋಡಿದ ಬಂಧುಗಳೂ ಸಹೋದ್ಯೋಗಿಗಳೂ ಇದನ್ನೇ ಕೇಳಿದ್ದಾರೆ. ನಿಂತ ನಿಲುವಿನಲ್ಲಿ ಕೊಟ್ಟ ಉತ್ತರಗಳು ನನಗೇ ಸಮಾಧಾನ ತಂದಿಲ್ಲವಾದ್ದರಿಂದ, ಒಮ್ಮೆ ಸಾವಕಾಶವಾಗಿ ಬರೆದಿಡೋಣವೆಂದು ಕೂತಿದ್ದೇನೆ.

ಪ್ರಶ್ನೆ ನ್ಯಾಯವಾದದ್ದೇ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ವೈದ್ಯರು ರೋಗದೊಡನೆ ಹೋರಾಡುವ ಚಿತ್ರವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಒಂದು ಪ್ರಯೋಗಶಾಲೆ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಒಂದು ತಲೆ, ಹೊಸ ಮದ್ದನ್ನು ನಂಬದ ಹಿರಿಯ ಪಂಡಿತರ ಗುಂಪು, ಕೊನೆಯ ರೀಲಿನಲ್ಲಿ ಜ್ವರ ಇಳಿದು ಕಣ್ಣು ಬಿಡುವ ಮಗು. ಅಂಥ ಚಿತ್ರಗಳನ್ನು ನಾನೂ ಇಷ್ಟಪಟ್ಟು ನೋಡಿದ್ದೇನೆ. ‘ಅಕಾಹಿಗೆ’ಯಲ್ಲಾದರೋ ಮೊದಲ ಅರ್ಧದಲ್ಲಿಯೇ ಇಬ್ಬರು ಮುಖ್ಯ ರೋಗಿಗಳು ಸಾಯುತ್ತಾರೆ, ಮನೋರೋಗಿಯಾದ ಒಬ್ಬಳು ಹೆಂಗಸು ಗುಣವಾಗುವ ಲಕ್ಷಣವಿಲ್ಲ, ಶಸ್ತ್ರಚಿಕಿತ್ಸೆಯೊಂದರಲ್ಲಿ ನೆರವಿಗೆ ನಿಂತ ಯುವ ವೈದ್ಯ ಮೂರ್ಛೆ ತಪ್ಪಿ ಬೀಳುತ್ತಾನೆ. ಎರಡನೆಯ ಅರ್ಧದಲ್ಲಿ ಬದುಕಿ ಉಳಿಯುವವರು ಇಬ್ಬರು ಮಕ್ಕಳು. ಅವರು ಉಳಿದದ್ದರಲ್ಲಿ ಮದ್ದಿನ ಪಾಲು ಎಷ್ಟು ಎಂದು ಯಾರಾದರೂ ಲೆಕ್ಕ ಕೇಳಿದರೆ ಕೈತುಂಬ ತೋರಿಸುವಂಥದ್ದೇನೂ ಇಲ್ಲ.

ಕಥೆಯನ್ನು ಅಷ್ಟಿಷ್ಟು ಹೇಳದೆ ಮುಂದಕ್ಕೆ ಹೋಗಲಾಗದು. ಇಂದಿನ ಟೋಕಿಯೊ ಎದೊ ಎನಿಸಿಕೊಂಡಿದ್ದ ಕಾಲ. ಯಾಸುಮೊತೊ ಎಂಬ ತರುಣ ನಾಗಸಾಕಿಯಲ್ಲಿ ಡಚ್ಚರ ವೈದ್ಯವನ್ನು ಓದಿ, ಇನ್ನೇನು ದೇಶವಾಳುವ ಸೇನಾಧಿಪತಿ ಶೋಗುನ್‌ನ ಆಸ್ಥಾನ ವೈದ್ಯನಾಗುತ್ತೇನೆಂಬ ಹಮ್ಮಿನಲ್ಲಿ ಊರಿಗೆ ಮರಳುತ್ತಾನೆ. ಅವನಿಗೆ ತಿಳಿಯದಂತೆ ಯಾರೋ ಏರ್ಪಾಟು ಮಾಡಿ ಅವನನ್ನು ಕೊಯಿಶಿಕಾವ ಎಂಬಲ್ಲಿನ ಬಡವರ ಚಿಕಿತ್ಸಾಲಯಕ್ಕೆ ಕಳಿಸಿಬಿಟ್ಟಿದ್ದಾರೆ. ಅಲ್ಲಿಯ ಮುಖ್ಯ ವೈದ್ಯ ನೀದೆಗೆ ಎಲ್ಲರೂ ಇಟ್ಟ ಹೆಸರು ಕೆಂಪುಗಡ್ಡ. (ಚಿತ್ರ ಕಪ್ಪು-ಬಿಳುಪಿನದಾದ್ದರಿಂದ ಆ ಕೆಂಪನ್ನು ನಾವು ಕೊನೆಯವರೆಗೂ ಕಾಣುವುದಿಲ್ಲ, ಅವರ ಮಾತನ್ನು ನಂಬಬೇಕಷ್ಟೆ.) ಯಾಸುಮೊತೊ ಸಿಟ್ಟಿನಿಂದ ಅಲ್ಲಿಯ ಸಮವಸ್ತ್ರ ತೊಡಲು ನಿರಾಕರಿಸುತ್ತಾನೆ, ಹೋಗಬಾರದು ಎಂದ ಕಡೆಗೇ ಹೋಗಿ ಮಲಗುತ್ತಾನೆ, ಕುಡಿಯುತ್ತಾನೆ, ಹೇಗಾದರೂ ತನ್ನನ್ನು ಹೊರಗಟ್ಟಲಿ ಎಂದು ಕಾಯುತ್ತಾನೆ. ಯಾರೂ ಹೊರಗಟ್ಟುವುದಿಲ್ಲ. ಮೂರು ಗಂಟೆಯಲ್ಲಿ ನಡೆಯುವ ದೊಡ್ಡ ಘಟನೆಯೆಂದರೆ ಈ ಹುಡುಗ ಅಲ್ಲಿಯೇ ಉಳಿಯುವ ಮನಸ್ಸು ಮಾಡುವುದು.

ಆ ಚಿಕಿತ್ಸಾಲಯ ಕಟ್ಟುಕಥೆಯಲ್ಲ. 1722ರಲ್ಲಿ, ಜನರ ಅಹವಾಲಿಗೆಂದು ಸರ್ಕಾರ ಇಟ್ಟಿದ್ದ ಪೆಟ್ಟಿಗೆಯಲ್ಲಿ ಒಗಾವ ಶೋಸೆನ್ ಎಂಬ ಪೇಟೆಯ ವೈದ್ಯನೊಬ್ಬ ಒಂದು ಮನವಿ ಹಾಕಿದ. ನೋಡಿಕೊಳ್ಳುವವರಿಲ್ಲದ ಬಡರೋಗಿಗಳಿಗೆ ಒಂದು ಆಸರೆ ಬೇಕೆಂದು ಬರೆದಿದ್ದ ಆ ಮನವಿಯನ್ನು ಶೋಗುನ್ ತೊಕುಗಾವ ಯೊಶಿಮುನೆ ಒಪ್ಪಿ, ಸರ್ಕಾರಿ ಮೂಲಿಕೆಗಳ ತೋಟದೊಳಗೇ ಜಾಗ ಕೊಟ್ಟ. ಆ ತೋಟ ಈಗ ಟೋಕಿಯೊ ವಿಶ್ವವಿದ್ಯಾಲಯದ ಸಸ್ಯೋದ್ಯಾನವಾಗಿದೆ. ಆಸ್ಪತ್ರೆಯ ಕಟ್ಟಡ ಉಳಿದಿಲ್ಲ, ಬಾವಿ ಉಳಿದಿದೆ. 1923ರ ಮಹಾ ಭೂಕಂಪದಲ್ಲಿ ಮನೆ ಕಳೆದುಕೊಂಡು ಅಲ್ಲಿ ಬಂದು ತಂಗಿದವರು ಅದರ ನೀರನ್ನೇ ಕುಡಿದರು. ಬಾವಿಯ ಮಾತನ್ನು ಇಲ್ಲಿ ಸುಮ್ಮನೆ ಎತ್ತಲಿಲ್ಲ, ಚಿತ್ರದಲ್ಲಿಯೂ ಒಂದು ಬಾವಿ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನು ನನ್ನ ಉತ್ತರ. ನಮ್ಮ ಕಡೆ ಕಾಯಿಲೆಯಾದವರು “ಡಾಕ್ಟರಿಗೆ ತೋರಿಸಿಕೊಂಡು ಬಂದೆ” ಎನ್ನುತ್ತಾರೆ. “ಯಾರ ಹತ್ತಿರ ತೋರಿಸುತ್ತಿದ್ದೀರಿ?” ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. ಡಾಕ್ಟರು ಮಾಡುವ ಕೆಲಸಕ್ಕೂ ನೋಡುವುದು ಎಂದೇ ಹೆಸರು. “ಚೆನ್ನಾಗಿ ನೋಡುತ್ತಾರೆ” ಎಂಬುದು ಅವರು ಕೊಡುವ ದೊಡ್ಡ ಪ್ರಶಸ್ತಿ, “ಕೈ ಹಿಡಿದೂ ನೋಡಲಿಲ್ಲ” ಎಂಬುದು ದೊಡ್ಡ ದೂರು. ಮನೆಯಲ್ಲಿ ಹಾಸಿಗೆ ಹಿಡಿದವರ ಮಲಮೂತ್ರ ಬಳಿದು, ಗಂಜಿ ಕುಡಿಸಿ ಸಾಕುವುದಕ್ಕೂ ನಾವು ನೋಡಿಕೊಳ್ಳುವುದು ಎಂದೇ ಅನ್ನುತ್ತೇವೆ. ಕಣ್ಣಿನ ಕೆಲಸಕ್ಕೂ ಆರೈಕೆಯ ಕೆಲಸಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡ ಭಾಷೆಯವರಾದ ನಮಗೆ ‘ಅಕಾಹಿಗೆ’ ಅಷ್ಟೇನೂ ದೂರದ್ದಲ್ಲ. ಈ ಚಿತ್ರದ ವಸ್ತು ನೋಡುವುದು. ನಾಗಸಾಕಿಯಲ್ಲಿ ಪುಸ್ತಕ ನೋಡಿ ಬಂದವನು ಮನುಷ್ಯರನ್ನು ನೋಡಲು ಕಲಿಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಚಿತ್ರ ಓಡುತ್ತದೆ. ಅದನ್ನು ಒಂದೂವರೆ ಗಂಟೆಗೆ ಇಳಿಸಿದರೆ ಕಥೆ ಉಳಿದೀತು, ಕಲಿಕೆ ಉಳಿಯದು.

ರೊಕುಸುಕೆ ಎಂಬ ಮುದುಕ ಸಾಯುವ ದೃಶ್ಯವನ್ನು ತೆಗೆದುಕೊಳ್ಳಿ. ಅವನು ಒಂದು ಕಾಲದಲ್ಲಿ ಅರಗಿನ ಪಾತ್ರೆಗಳ ಮೇಲೆ ಹೊನ್ನಿನ ಚಿತ್ತಾರ ಬಿಡಿಸುತ್ತಿದ್ದ ಕುಶಲಕರ್ಮಿ, ಈಗ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಕೊನೆಯ ಉಸಿರೆಳೆಯುತ್ತಿದ್ದಾನೆ. ಕೆಂಪುಗಡ್ಡ ಯಾಸುಮೊತೊವನ್ನು ಕರೆದು ರೋಗ ಯಾವುದೆಂದು ಹೇಳಿಸುತ್ತಾನೆ. ಚಿಕಿತ್ಸೆ ಏನೆಂದರೆ ಏನೂ ಇಲ್ಲ. ಆಗ ಹಿರಿಯ ವೈದ್ಯ ಅವನಿಗೆ ಒಂದು ಕೆಲಸ ಹಚ್ಚಿ ಹೊರಟುಹೋಗುತ್ತಾನೆ: ಪಕ್ಕದಲ್ಲಿ ಕೂತು, ಮನುಷ್ಯನ ಕೊನೆಗಳಿಗೆಯನ್ನು ಗಮನವಿಟ್ಟು ನೋಡುವುದು. ಕೈಯಲ್ಲಿ ಉಪಕರಣವಿಲ್ಲ, ಬರೆಯುವ ಕೆಲಸವಿಲ್ಲ. ಬಾಯಿ ತೆರೆದುಕೊಂಡು ಗಾಳಿಗಾಗಿ ಹೆಣಗುವ ಒಂದು ಮುಖ, ಅದರ ಉಸಿರಾಟದ ಸದ್ದು, ಅದರ ಮುಂದೆ ಹೆದರಿ ಕೂತ ಇನ್ನೊಂದು ಮುಖ. ಅಗಲ ಪರದೆಯ ತುಂಬ ಇಷ್ಟೇ. ಯಾಸುಮೊತೊಗೆ ಆ ಸಾವು ಅಸಹ್ಯವಾಗಿ, ಭಯಂಕರವಾಗಿ ಕಾಣುತ್ತದೆ; ಅದರಲ್ಲಿ ಗಂಭೀರವಾದದ್ದೇನಿದೆ ಎಂದು ಅವನಿಗೆ ಹೊಳೆಯುವುದಿಲ್ಲ. ಮುದುಕನ ಮಗಳು ಮಕ್ಕಳನ್ನು ಕಟ್ಟಿಕೊಂಡು ಬಂದು, ತನ್ನ ತಾಯಿ ಅಪ್ಪನ ಶಿಷ್ಯನೊಡನೆ ಓಡಿಹೋದದ್ದನ್ನೂ, ಆಮೇಲೆ ಅದೇ ಗಂಡಸಿಗೆ ತನ್ನನ್ನು ಮದುವೆ ಮಾಡಿಸಿದ್ದನ್ನೂ, ಇಷ್ಟನ್ನೆಲ್ಲ ನುಂಗಿಕೊಂಡ ಅಪ್ಪ ಯಾರಿಗೂ ಒಂದು ಮಾತು ಹೇಳದೆ ಬದುಕಿದ್ದನ್ನೂ ಹೇಳಿದ ಮೇಲೆಯೇ ಅವನು ನೋಡಿದ್ದು ಏನೆಂದು ಅವನಿಗೆ ಗೊತ್ತಾಗುತ್ತದೆ. ಹೆಣ ಹೋಗಿಯಾದ ಮೇಲೆ ರೋಗಿಯ ಕೇಸ್ ಹಿಸ್ಟರಿ ಸಿಗುತ್ತದೆ. ನಮ್ಮ ವೃತ್ತಿಯಲ್ಲಿ ಹೀಗಾಗುವುದು ಎಷ್ಟು ಸಾಮಾನ್ಯವೆಂದು ವಾರ್ಡಿನಲ್ಲಿ ದುಡಿದವರಿಗೆ ಗೊತ್ತು.

ನನ್ನ ಹೌಸ್ ಸರ್ಜನ್ಸಿಯ ಒಂದು ರಾತ್ರಿಯನ್ನು ಇಲ್ಲಿ ಹೇಳಬೇಕು. ಪುರುಷರ ವಾರ್ಡಿನಲ್ಲಿ ಯಕೃತ್ತು ಪೂರ್ತಿ ಕೆಟ್ಟ ಒಬ್ಬ ರೋಗಿ ಇದ್ದರು. ಹಿರಿಯರು ಇನ್ನು ಮಾಡುವುದೇನೂ ಇಲ್ಲವೆಂದು ಹೇಳಿ ಹೋಗಿದ್ದರು. ನಾನು ಅರ್ಧ ಗಂಟೆಗೊಮ್ಮೆ ರಕ್ತದೊತ್ತಡ ನೋಡಿ ಕೇಸ್ ಶೀಟಿನಲ್ಲಿ ಬರೆಯುತ್ತಿದ್ದೆ, ಅಂಕಿಗಳು ಇಳಿಯುತ್ತಿದ್ದವು. ಆತನ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದವರು, “ಬಾಯಿಗೆ ಒಂಚೂರು ನೀರು ಬಿಡಲಾ, ಡಾಕ್ಟ್ರಮ್ಮ?” ಎಂದು ಕೇಳಿದರು. ನೀರು ಶ್ವಾಸನಾಳಕ್ಕೆ ಇಳಿದೀತೆಂಬ ಪಾಠ ನೆನಪಾಗಿ ನಾನು ಬೇಡವೆಂದೆ. ಪಾಠವೇನೋ ಸರಿಯೇ, ಆ ಹೊತ್ತಿಗೆ ಅದನ್ನು ಯಾರೂ ಕೇಳಿರಲಿಲ್ಲ. ಮತ್ತೆ ಮೇಜಿಗೆ ಹೋಗಿ ಬರೆಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ವಾರ್ಡಿನ ಆಯಾ ಬಂದು, “ಬರೆಯೋದು ಬಿಡಿ ಡಾಕ್ಟ್ರಮ್ಮ, ಹೋದರು” ಎಂದರು. ಆಯಾ ಅಷ್ಟರಲ್ಲಿ ನನ್ನ ಕಣ್ಣು ತಪ್ಪಿಸಿ ಹತ್ತಿಯನ್ನು ನೀರಿನಲ್ಲಿ ಅದ್ದಿ ಆ ಹೆಂಡತಿಯ ಕೈಯಿಂದಲೇ ತುಟಿ ಒದ್ದೆ ಮಾಡಿಸಿದ್ದರು ಎಂಬುದು ಬೆಳಿಗ್ಗೆ ತಿಳಿಯಿತು. ಆವತ್ತು ಬರೆದ ಹೊತ್ತು ಈಗಲೂ ನೆನಪಿದೆ, 3 ಗಂಟೆ 40 ನಿಮಿಷ. ಆ ಮನುಷ್ಯನ ಮುಖವನ್ನು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ, ಏಕೆಂದರೆ ನಾನು ಅದನ್ನು ನೋಡಿಯೇ ಇರಲಿಲ್ಲ. ಹಲವು ವರ್ಷಗಳ ಮೇಲೆ ಮೊದಲ ಬಾರಿಗೆ ರೊಕುಸುಕೆಯ ದೃಶ್ಯವನ್ನು ಕಂಡಾಗ ನಾನು ಚಿತ್ರವನ್ನು ನಿಲ್ಲಿಸಿ, ಎದ್ದು ಹೋಗಿ, ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಅದೇ ಭಾಗದಲ್ಲಿ ಕೆಂಪುಗಡ್ಡ ಆಡುವ ಮಾತು ಹುಡುಗರಿಗೆ ರುಚಿಸುವುದಿಲ್ಲ. ನಿಜ ಹೇಳುವುದಾದರೆ ಯಾವ ರೋಗಕ್ಕೂ ಮದ್ದಿಲ್ಲ, ದೇಹ ತಾನಾಗಿ ಹೋರಾಡುವಾಗ ನಾವು ಸ್ವಲ್ಪ ಕೈ ಆನಿಸುತ್ತೇವೆ ಅಷ್ಟೆ, ನಾವು ಎದುರಿಸಬಹುದಾದದ್ದು ಬಡತನವನ್ನು ಮತ್ತು ಅಜ್ಞಾನವನ್ನು ಎಂಬರ್ಥದ ಮಾತು ಅದು. ಆಂಟಿಬಯೋಟಿಕ್ ಇಲ್ಲದ, ಅರಿವಳಿಕೆ ಇಲ್ಲದ ಕಾಲದ ವೈದ್ಯನ ಬಾಯಲ್ಲಿ ಅದು ಸಲ್ಲುತ್ತದೆ, ನಮಗೇನು ಬಂತು ಎಂದು ಒಬ್ಬ ಹುಡುಗ ವಾದಿಸಿದ್ದ. ಅವನ ವಾದಕ್ಕೆ ನಾನು ನಮ್ಮ ತುಮಕೂರು ಜಿಲ್ಲೆಯನ್ನು ಉತ್ತರವಾಗಿ ಕೊಟ್ಟೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಸಂಶೋಧಕರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯದ ರೋಗಿಗಳನ್ನು ಮನೆಮನೆಗೆ ಹೋಗಿ ಮಾತನಾಡಿಸಿ, 1963ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಬಲ್ಲವರು ಹೇಳುತ್ತಿದ್ದ ಕಾಲ ಅದು. ಕಂಡುಬಂದದ್ದು ಬೇರೆಯೇ. ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆಯೆಂಬುದು ಚೆನ್ನಾಗಿ ಗೊತ್ತಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು, ಒಂದು ಬಾಟಲಿ ಕೆಮ್ಮಿನ ಔಷಧಿ ಹಿಡಿದುಕೊಂಡು ವಾಪಸ್ಸು ಬಂದಿದ್ದರು. ಕ್ಷಯಕ್ಕೆ ಮದ್ದು ಆಗ ಜಗತ್ತಿನಲ್ಲಿ ಇತ್ತು. ಕಫ ಪರೀಕ್ಷೆ ಮಾಡುವ ವಿದ್ಯೆಯೂ ಇತ್ತು. ರೋಗಿ ತೋರಿಸಿದ್ದಾನೆ, ಡಾಕ್ಟರು ನೋಡಿಲ್ಲ. ಅಜ್ಞಾನವೆಂದು ಕೆಂಪುಗಡ್ಡ ಹೇಳುವುದು ರೋಗಿಯ ಅಜ್ಞಾನವನ್ನಲ್ಲವೆಂದು ನನಗೆ ಮನವರಿಕೆಯಾದದ್ದು ಆ ಅಧ್ಯಯನವನ್ನು ಓದಿದ ಮೇಲೆ.

ಬಡತನದ ಮಾತೂ ಚಿತ್ರದಲ್ಲಿ ಬರಿಯ ಭಾಷಣವಾಗಿ ಉಳಿಯುವುದಿಲ್ಲ. ಸರ್ಕಾರ ಚಿಕಿತ್ಸಾಲಯದ ಅನುದಾನವನ್ನು ಕಡಿತಗೊಳಿಸುತ್ತದೆ. ಕೆಂಪುಗಡ್ಡ ತಿಂದು ತಿಂದು ಬೊಜ್ಜು ಬೆಳೆಸಿಕೊಂಡ ಒಬ್ಬ ಪಾಳೆಯಗಾರನ ಅರಮನೆಗೆ ಹೋಗಿ, ಪಥ್ಯ ಹೇಳಿ, ಅದಕ್ಕೆ ಬಾಯಿಗೆ ಬಂದ ಬೆಲೆ ವಸೂಲಿ ಮಾಡಿಕೊಂಡು, ಆ ಹಣವನ್ನು ಬಡರೋಗಿಗಳಿಗೆ ತರುತ್ತಾನೆ. ಒಬ್ಬ ಅಧಿಕಾರಿಯ ಗುಟ್ಟನ್ನು ಹಿಡಿದು ಬೆದರಿಸುತ್ತಾನೆ ಕೂಡ. ತಾನು ಮಾಡುತ್ತಿರುವುದು ಹೇಸಿಗೆಯ ಕೆಲಸವೆಂದು ಬಲ್ಲ, ಅದನ್ನು ಹುಡುಗನ ಎದುರಿಗೆ ಒಪ್ಪಿಕೊಳ್ಳುತ್ತಾನೆ. ಸಂತನಂಥ ವೈದ್ಯನನ್ನು ಚಿತ್ರಿಸಲು ಹೊರಟ ಯಾವ ನಿರ್ದೇಶಕನೂ ಈ ಭಾಗವನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ಈಗ ಒತೊಯೊ. ಹನ್ನೆರಡು ವರ್ಷದ ಹುಡುಗಿ. ವೇಶ್ಯಾಗೃಹವೊಂದರಲ್ಲಿ ಜ್ವರದಿಂದ ಕುದಿಯುತ್ತಲೇ ನೆಲ ತಿಕ್ಕುತ್ತಿರುವವಳನ್ನು ಕೆಂಪುಗಡ್ಡ ಬಿಡಿಸಿಕೊಂಡು ಬಂದು, ಇವಳು ನಿನ್ನ ಮೊದಲ ರೋಗಿ ಎಂದು ಯಾಸುಮೊತೊಗೆ ಒಪ್ಪಿಸುತ್ತಾನೆ. ಅವಳು ಕತ್ತಲ ಮೂಲೆಯಲ್ಲಿ ಕೂತಿರುತ್ತಾಳೆ. ಮುಖವೆಲ್ಲ ನೆರಳು, ಬೆಳಕು ಬೀಳುವುದು ಕಣ್ಣುಗಳ ಮೇಲೆ ಮಾತ್ರ. ಆ ಕಣ್ಣುಗಳು ಯಾರನ್ನೂ ನಂಬುವುದಿಲ್ಲ. ಮಾತಿಲ್ಲ, ಮದ್ದು ಮುಟ್ಟುವುದಿಲ್ಲ, ರಾತ್ರಿ ಎದ್ದು ನೆಲ ತಿಕ್ಕುತ್ತಾಳೆ. ಯಾಸುಮೊತೊ ಚಮಚ ಹಿಡಿದರೆ ತಳ್ಳುತ್ತಾಳೆ, ಅವನು ಸೋಲುತ್ತಾನೆ. ಕೆಂಪುಗಡ್ಡ ಬಂದು ಕೂರುತ್ತಾನೆ. ಚಮಚದಲ್ಲಿ ಮದ್ದು ತುಂಬಿ ಬಾಯಿಯ ಹತ್ತಿರ ಹಿಡಿಯುತ್ತಾನೆ, ಅವಳು ಕೈಯಿಂದ ಹೊಡೆಯುತ್ತಾಳೆ, ಮದ್ದು ಚೆಲ್ಲುತ್ತದೆ. ಆತ ಗದರುವುದಿಲ್ಲ, ಮುದ್ದು ಮಾಡುವುದೂ ಇಲ್ಲ, ಮತ್ತೆ ಚಮಚ ತುಂಬುತ್ತಾನೆ. ಮತ್ತೆ ಹೊಡೆತ, ಮತ್ತೆ ಚಮಚ. ಇದಕ್ಕೆ ಕುರೊಸಾವ ಕತ್ತರಿ ಹಾಕಿ ಹೊತ್ತು ಉಳಿಸುವುದಿಲ್ಲ. ಕೊನೆಗೊಮ್ಮೆ ಹುಡುಗಿ ನುಂಗುತ್ತಾಳೆ. ನುಂಗಿದ ಮೇಲೂ ಅವಳ ಕಣ್ಣಿನಲ್ಲಿರುವುದು ಬೆರಗು: ಹೊಡೆದರೂ ತಿರುಗಿ ಹೊಡೆಯದ ಈ ಮನುಷ್ಯ ಯಾರು ಎಂಬ ಬೆರಗು.

ಕ್ಷಯರೋಗದ ಕಾರ್ಯಕ್ರಮದಲ್ಲಿ, ಆರೋಗ್ಯ ಕಾರ್ಯಕರ್ತರು ತಮ್ಮ ಕಣ್ಣೆದುರಿಗೇ ಮಾತ್ರೆ ನುಂಗಿಸಬೇಕೆಂಬ ಪದ್ಧತಿಯೊಂದು ನಮ್ಮಲ್ಲಿ ಬಂತು; ಡಾಟ್ಸ್ ಎಂದರೆ ಊರಿನವರಿಗೂ ಗೊತ್ತು. ಮಾತ್ರೆ ಆರು ತಿಂಗಳಾದರೂ ನಡೆಯಬೇಕು. ಕೆಮ್ಮು ನಿಂತ ಎರಡು ತಿಂಗಳಿಗೆ ರೋಗಿಗೆ ಬೇಸರ, ಹೊಟ್ಟೆಯಲ್ಲಿ ಸಂಕಟ, ಕೂಲಿಗೆ ಹೊತ್ತಾಯಿತೆಂಬ ಅವಸರ. ಅಂಥವರ ಮನೆಯ ಜಗಲಿಯಲ್ಲಿ ನೀರಿನ ಲೋಟ ಹಿಡಿದು ಕಾದು ಕೂತಿರುತ್ತಿದ್ದ ಒಬ್ಬ ಆಶಾ ಕಾರ್ಯಕರ್ತೆಯನ್ನು ನಾನು ಬಲ್ಲೆ. ಬೈಗುಳ ತಿಂದು ಹೋಗಿ ಮರುದಿನ ಅದೇ ಹೊತ್ತಿಗೆ ಬರುತ್ತಿದ್ದಳು. ಈ ಚಮಚದ ದೃಶ್ಯವನ್ನು ನೋಡುವಾಗಲೆಲ್ಲ ನನಗೆ ಅವಳ ನೆನಪು. ರೋಗದೊಡನೆ ಹೋರಾಟವೆಂಬುದು ಪ್ರತಿದಿನದ ಕೆಲಸದಲ್ಲಿ ಇಷ್ಟು ಸಣ್ಣದಾಗಿಯೂ ಇಷ್ಟು ಬೇಸರದ್ದಾಗಿಯೂ ಇರುತ್ತದೆಂದು ಇಪ್ಪತ್ತಮೂರು ವರ್ಷದ ಹುಡುಗರಿಗೆ ನನ್ನ ಮಾತಿನಲ್ಲಿ ಹೇಳಿದರೆ ಆಕಳಿಸುತ್ತಾರೆ. ಆ ದೃಶ್ಯ ನಡೆಯುವಾಗ ಯಾರೂ ಆಕಳಿಸಿದ್ದನ್ನು ನಾನು ಕಂಡಿಲ್ಲ.

ಒತೊಯೊಳ ಕಥೆಯಲ್ಲಿ ಇನ್ನೊಂದು ವಸ್ತು ಇದೆ, ಒಂದು ಬಟ್ಟಲು. ಯಾಸುಮೊತೊ ಉಣ್ಣಿಸಲು ಬಂದಾಗ ಅವಳು ಬಟ್ಟಲನ್ನು ಹೊಡೆದು ಒಡೆದುಹಾಕುತ್ತಾಳೆ. ಅವನು ಸಿಟ್ಟಾಗದೆ ಮರುಗುತ್ತಾನೆ. ಆಮೇಲೆ ಹುಡುಗಿ ಕಾಣೆಯಾಗುತ್ತಾಳೆ. ಹುಡುಕಿಕೊಂಡು ಹೋದರೆ ಸೇತುವೆಯ ಮೇಲೆ ಕೂತು ಭಿಕ್ಷೆ ಬೇಡುತ್ತಿದ್ದಾಳೆ. ದೂರದಿಂದಲೇ ಅವನು ನೋಡುತ್ತಾನೆ. ಸಿಕ್ಕ ಕಾಸು ಹಿಡಿದು ಅಂಗಡಿಗೆ ಹೋಗಿ ಅವಳು ಒಂದು ಹೊಸ ಬಟ್ಟಲು ಕೊಳ್ಳುತ್ತಾಳೆ. ಅವನು ಹೋಗಿ ಹಿಡಿದುಕೊಂಡು ಏಕೆಂದು ಕೇಳುವ ಗಾಬರಿಯಲ್ಲಿ ಆ ಬಟ್ಟಲೂ ಕೆಳಗೆ ಬಿದ್ದು ಚೂರಾಗುತ್ತದೆ, ಅವಳು ಅಳತೊಡಗುತ್ತಾಳೆ. ಅಷ್ಟು ದಿನ ಒಂದು ಮಾತೂ ಆಡದವಳು ಏನನ್ನು ಹೇಳಬೇಕೆಂದಿದ್ದಳೋ ಅದು ಅಲ್ಲಿ ಬಿದ್ದಿದೆ. ಈ ಹುಡುಗಿಯ ಎಳೆಯನ್ನು ಕುರೊಸಾವ ತಮ್ಮ ಅಚ್ಚುಮೆಚ್ಚಿನ ರಷ್ಯನ್ ಲೇಖಕ ದಸ್ತಯೇವ್‌ಸ್ಕಿಯ ಒಂದು ಕಾದಂಬರಿಯಿಂದ ತಂದರು. ಉಳಿದ ಕಥೆಗಳು ಶೂಗೊರೊ ಯಮಾಮೊತೊ ಎಂಬ ಜಪಾನಿ ಲೇಖಕರವು. ಎರಡು ದೇಶಗಳ ಕಥೆಯನ್ನು ಹೊಲಿದ ಗುರುತು ಎಲ್ಲಿಯೂ ಕಾಣದಿರುವುದಕ್ಕೆ ಒತೊಯೊ ಆಗಿ ನಟಿಸಿರುವ ಬಾಲಕಿ ತೆರುಮಿ ನಿಕಿ ಬಹುಮಟ್ಟಿಗೆ ಕಾರಣಳೆಂದು ನನ್ನ ಅಭಿಪ್ರಾಯ.

ಆಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ದಣಿದ ಯಾಸುಮೊತೊ ಜ್ವರ ಹಿಡಿದು ಮಲಗುತ್ತಾನೆ, ಹುಡುಗಿ ಅವನನ್ನು ನೋಡಿಕೊಳ್ಳುತ್ತಾಳೆ. ಹೊರಗೆ ಹಿಮ. ಅವಳು ಕಿಟಕಿ ಸರಿಸಿ ಕೈ ಚಾಚಿ ಹಿಮ ತೆಗೆದು, ಅವನ ಹಣೆಯ ಪಟ್ಟಿಗೆ ನೀರು ಮಾಡಿಕೊಳ್ಳುತ್ತಾಳೆ. ಇಡೀ ಭಾಗದಲ್ಲಿ ಮಾತೇ ಇಲ್ಲವೆನ್ನಬಹುದು. ಯಾರು ಯಾರಿಗೆ ಚಿಕಿತ್ಸೆ ಕೊಟ್ಟರು ಎಂಬ ಪ್ರಶ್ನೆಗೆ ಇಲ್ಲಿಂದ ಮುಂದೆ ಸರಳವಾದ ಉತ್ತರ ಸಿಗುವುದಿಲ್ಲ. ಅಡಿಗೆಮನೆಯಲ್ಲಿ ಗಂಜಿ ಕದಿಯಲು ಬರುವ ಚೋಬೊ ಎಂಬ ಪುಟ್ಟ ಹುಡುಗನನ್ನು ಒತೊಯೊ ಹಿಡಿದುಕೊಡದೆ ಬಿಡುತ್ತಾಳೆ. ಹಸಿವಿನಿಂದ ಸೋತ ಅವನ ಮನೆಯವರೆಲ್ಲ ಇಲಿಪಾಷಾಣ ತಿಂದು ಒಂದು ರಾತ್ರಿ ಚಿಕಿತ್ಸಾಲಯಕ್ಕೆ ಬರುತ್ತಾರೆ. ವೈದ್ಯರು ಒಳಗೆ ತಮ್ಮ ಕೈಲಾದದ್ದನ್ನು ಮಾಡುತ್ತಿರುವಾಗ, ಅಡಿಗೆಯ ಹೆಂಗಸರು ಅಂಗಳದ ಬಾವಿಯ ಸುತ್ತ ನಿಂತು, ಅದರೊಳಕ್ಕೆ ಬಗ್ಗಿ, ಚೋಬೊ ಚೋಬೊ ಎಂದು ಕೂಗುತ್ತಾರೆ. ಬಾವಿಗಳೆಲ್ಲ ಭೂಮಿಯ ಆಳಕ್ಕೆ ಹೋಗುತ್ತವೆ, ಹೊರಟ ಜೀವವನ್ನು ಅಲ್ಲಿಂದ ಕರೆದರೆ ತಿರುಗಿ ಬರುತ್ತದೆ ಎಂಬುದು ಅವರ ನಂಬಿಕೆ. ಒತೊಯೊ ಕೂಡ ಓಡಿಹೋಗಿ ಕೂಗುತ್ತಾಳೆ. ಕ್ಯಾಮೆರಾ ಬಾವಿಯ ಗೋಡೆಗುಂಟ ಕೆಳಕ್ಕೆ ಇಳಿದು ನೀರಿನಲ್ಲಿ ಅವರ ಮುಖಗಳನ್ನು ತೋರಿಸುತ್ತದೆ, ಒಂದು ಹನಿ ಬಿದ್ದು ನೀರು ಕದಡುತ್ತದೆ. ಹುಡುಗ ಬದುಕುತ್ತಾನೆ. ವಿಷ ಕಕ್ಕಿಸಿದ್ದರಿಂದ ಬದುಕಿದನೋ ಬಾವಿಗೆ ಕೇಳಿಸಿದ್ದರಿಂದಲೋ ಎಂದು ಕುರೊಸಾವ ತೀರ್ಪು ಕೊಡುವುದಿಲ್ಲ. ಮದ್ದಿನ ಪಾಲಿನ ಲೆಕ್ಕ ಕೇಳಬೇಡಿ ಎಂದು ಮೇಲೆ ಹೇಳಿದ್ದು ಇದಕ್ಕೇ. ವೈದ್ಯಳಾಗಿ ನಾನು ಕಕ್ಕಿಸಿದವರ ಪಕ್ಷ. ಆದರೂ ಆ ಬಾವಿಯ ದೃಶ್ಯ ಬಂದಾಗ ಗಂಟಲು ಕಟ್ಟುವುದು ನಿಂತಿಲ್ಲ.

ಚಿತ್ರದ ದೋಷಗಳನ್ನು ಮುಚ್ಚಿಟ್ಟು ಶಿಫಾರಸು ಮಾಡಿದರೆ ನನ್ನ ಉತ್ತರಕ್ಕೆ ಬೆಲೆ ಇರದು. ಒತೊಯೊಳನ್ನು ಬಿಡಿಸುವಾಗ ಕೆಂಪುಗಡ್ಡ ಒಂದು ಗುಂಪು ಪುಂಡರ ಕೈಕಾಲು ಮುರಿಯುವ ಹೊಡೆದಾಟವಿದೆ. ಸೆಮಿನಾರ್ ಹಾಲಿನಲ್ಲಿ ಶಿಳ್ಳೆ ಬೀಳುವುದು ಅಲ್ಲಿಯೇ. ಮುರಿದ ಮೇಲೆ ಅವರಿಗೇ ಪಟ್ಟಿ ಕಟ್ಟಲು ಹೇಳಿ, ವೈದ್ಯನಾದವನು ಹೀಗೆ ಮಾಡಬಾರದು ಎಂದು ಆತ ಗೊಣಗಿಕೊಳ್ಳುವುದು ನಗು ತರಿಸುತ್ತದೆಯಾದರೂ, ಅಷ್ಟು ಸಲೀಸಾದ ಗೆಲುವು ಈ ಚಿತ್ರಕ್ಕೆ ಒಪ್ಪುವುದಿಲ್ಲ. (ವೇಶ್ಯಾಗೃಹದ ಒಡತಿ ಹುಡುಗಿಯನ್ನು ಕರೆದೊಯ್ಯಲು ಬಂದಾಗ ಅಡಿಗೆಯ ಹೆಂಗಸರು ಮೂಲಂಗಿ ಹಿಡಿದು ಬಡಿದು ಓಡಿಸುವುದು ಮಾತ್ರ ನನಗೆ ಪೂರ್ತಿ ಒಪ್ಪಿಗೆ.) ಬೇರೆ ಮನೆಯಲ್ಲಿ ಕೂಡಿಟ್ಟ, ಗಂಡಸರನ್ನು ಇರಿಯುವ ಮನೋರೋಗಿ ಹೆಂಗಸಿನ ಪ್ರಸಂಗ ಉಸಿರು ಬಿಗಿಹಿಡಿದು ನೋಡುವಂತಿದೆ, ಆದರೆ ಒತೊಯೊಳನ್ನು ನೋಡುವಾಗ ಚಿತ್ರ ತೋರಿಸಿದ ತಾಳ್ಮೆ ಆ ಹೆಂಗಸಿನ ಪಾಲಿಗೆ ಬರಲಿಲ್ಲ, ಅವಳು ಯಾಸುಮೊತೊಗೆ ಒದಗಿದ ಒಂದು ಅಪಾಯವಾಗಿ ಉಳಿದುಬಿಟ್ಟಳು. ಬಾಲ್ಯದಲ್ಲಿ ಅವಳ ಮೇಲಾದ ದೌರ್ಜನ್ಯವನ್ನು ಅವಳ ಬಾಯಿಂದಲೇ ಕೇಳಿಸಿದ ಚಿತ್ರ ಅಲ್ಲಿಗೇ ಅವಳನ್ನು ಬಿಟ್ಟದ್ದು ನನಗೆ ಇಂದಿಗೂ ಕೊರತೆಯಾಗಿ ಕಾಣುತ್ತದೆ. ಹಿನ್ನೆಲೆ ಸಂಗೀತ ಅಲ್ಲಲ್ಲಿ ನಮ್ಮನ್ನು ಅಳಿಸಲೇಬೇಕೆಂದು ಹಟ ಹಿಡಿಯುತ್ತದೆ. ಕೊನೆಯ ಮದುವೆಯ ಮಾತುಕತೆಯನ್ನು ಅರ್ಧಕ್ಕೆ ಇಳಿಸಿದ್ದರೂ ಯಾರಿಗೂ ನಷ್ಟವಿರಲಿಲ್ಲ.

ಕೆಂಪುಗಡ್ಡನಾಗಿ ನಟಿಸಿರುವ ತೊಶಿರೊ ಮಿಫುನೆಗೆ ಈ ಪಾತ್ರಕ್ಕಾಗಿ 1965ರ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕುರೊಸಾವ ಮತ್ತು ಮಿಫುನೆ ಕೂಡಿ ಮಾಡಿದ ಹದಿನಾರನೆಯ ಚಿತ್ರವಿದು, ಕೊನೆಯದೂ ಹೌದು. ಅವರಿಬ್ಬರ ಮೊದಲ ಚಿತ್ರ 1948ರ ‘ಡ್ರಂಕನ್ ಏಂಜೆಲ್’. ಅದೂ ಒಬ್ಬ ವೈದ್ಯನ ಕಥೆಯೇ. ಯುದ್ಧ ಮುಗಿದ ಟೋಕಿಯೊದ ಕೊಚ್ಚೆಗುಂಡಿಯ ಪಕ್ಕದಲ್ಲಿ ದವಾಖಾನೆ ಇಟ್ಟುಕೊಂಡ ಕುಡುಕ ವೈದ್ಯ ಒಬ್ಬ ರೌಡಿಯ ಕ್ಷಯವನ್ನು ಗುಣಪಡಿಸಲು ಬೈದು, ಜಗಳವಾಡಿ, ಬಾಟಲಿ ಎಸೆದು ಹೆಣಗುತ್ತಾನೆ. ಆ ರೌಡಿ ಮಿಫುನೆ. ಹದಿನೇಳು ವರ್ಷದ ಹಿಂದೆ ಮದ್ದು ಬೇಡವೆಂದು ಹಟ ಮಾಡಿದ ರೋಗಿಯೇ ಈಗ ಗಡ್ಡ ಬಿಟ್ಟುಕೊಂಡು ಚಮಚ ಹಿಡಿದು ಕೂತಿದ್ದಾನೆ ಎಂದು ಎರಡನ್ನೂ ನೋಡಿದವರಿಗೆ ಅನ್ನಿಸದೆ ಇರದು. ಒಂದನ್ನು ನೋಡಲು ಮೂರು ಗಂಟೆ ಸಿಗುವುದೇ ಕಷ್ಟವಾಗಿರುವಾಗ ಇನ್ನೊಂದನ್ನು ಹೇಗೆ ಹೇಳಲಿ, ಬಿಡುವಿದ್ದವರು ನೋಡಬಹುದು.

ಸಮವಸ್ತ್ರದ ವಿಷಯ ಬಾಕಿ ಉಳಿಯಿತು. ಅದನ್ನು ತೊಟ್ಟರೆ ಬೀದಿಯಲ್ಲಿ ಹೋಗುವಾಗ ಬಡವರು ಇವರು ಚಿಕಿತ್ಸಾಲಯದ ವೈದ್ಯರೆಂದು ಗುರುತು ಹಿಡಿದು ತಡೆದು ನಿಲ್ಲಿಸಿ ಕಾಯಿಲೆ ತೋರಿಸಿಕೊಳ್ಳಬಹುದು, ಅದಕ್ಕಾಗಿಯೇ ಅದು ಇರುವುದು ಎಂದು ಯಾಸುಮೊತೊಗೆ ತಡವಾಗಿ ತಿಳಿಯುತ್ತದೆ. ಚಿತ್ರದ ನಡುಭಾಗದ ಹೊತ್ತಿಗೆ ಅವನು ಯಾರ ಒತ್ತಾಯವೂ ಇಲ್ಲದೆ ಅದನ್ನು ಹಾಕಿಕೊಂಡಿರುತ್ತಾನೆ. ಕುರೊಸಾವ ಇದನ್ನು ದೊಡ್ಡ ಸಂಗತಿಯಾಗಿ ತೋರಿಸುವುದಿಲ್ಲ, ಗಮನಿಸದವರಿಗೆ ತಪ್ಪಿಹೋಗುತ್ತದೆ. ಕೊನೆಯಲ್ಲಿ ಆಸ್ಥಾನ ವೈದ್ಯನ ಹುದ್ದೆ ತಾನಾಗಿ ಬಂದರೂ ಬೇಡವೆಂದು, ಇಲ್ಲಿಯೇ ಇರುತ್ತೇನೆಂದು ಹಟ ಹಿಡಿದಾಗ, ಮುಂದೆ ಪಶ್ಚಾತ್ತಾಪ ಪಡುತ್ತೀಯೆ ಎಂದು ಗದರುತ್ತ ಕೆಂಪುಗಡ್ಡ ಮುಂದೆ ಮುಂದೆ ನಡೆಯುತ್ತಾನೆ, ಇವನು ಹಿಂದೆ ಹಿಂದೆ. ಅವನು ಮೊದಲ ದೃಶ್ಯದಲ್ಲಿ ಮುಖ ಗಂಟಿಕ್ಕಿಕೊಂಡು ದಾಟಿ ಬಂದ ಬಾಗಿಲೇ ಅದು.

ಆದ್ದರಿಂದ ಪ್ರಶ್ನೆ ಕೇಳುವವರಿಗೆ ನಾನು ಹೇಳುವುದಿಷ್ಟು. ರೋಗ ಸೋಲುವುದನ್ನು ನೋಡಬೇಕೆಂಬ ಆಸೆಯಿದ್ದರೆ ಬೇರೆ ಒಳ್ಳೆಯ ಚಿತ್ರಗಳಿವೆ, ಹೆಸರು ಬೇಕಾದರೆ ಕೊಡುತ್ತೇನೆ. ರೋಗಿಯ ಪಕ್ಕದಲ್ಲಿ ಕೂರುವುದು ಹೇಗಿರುತ್ತದೆಂದು ನೋಡಬೇಕಿದ್ದರೆ ನನಗೆ ಗೊತ್ತಿರುವುದು ಇದೊಂದೇ. ಒಂದೇ ಸಲಕ್ಕೆ ಮೂರು ಗಂಟೆ ಕೂರಲಾಗದವರು ಚಿತ್ರದಲ್ಲಿಯೇ ಇರುವ ಮಧ್ಯಂತರಕ್ಕೆ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಬಹುದು. ಮೊದಲ ಅರ್ಧದಲ್ಲಿ ಸಹಾಚಿ ಎಂಬ ಗಾಲಿ ಮಾಡುವವನು ಸಾಯುವ ಮುಂಚೆ ತನ್ನ ಹೆಂಡತಿಯ ಕಥೆಯನ್ನು ಹೇಳುವ ಭಾಗ ಉದ್ದವಾಗಿದೆ, ನಮ್ಮ ಹುಡುಗರೆಲ್ಲ ಫೋನು ಕೈಗೆತ್ತಿಕೊಳ್ಳುವುದು ಅಲ್ಲಿಯೇ. ನೀವೂ ಬೇಕಾದರೆ ಎತ್ತಿಕೊಳ್ಳಿ. ಕಳೆದುಹೋದ ಹೆಂಡತಿ ಜಾತ್ರೆಯ ಸಂದಣಿಯಲ್ಲಿ ಬೆನ್ನಿಗೆ ಮಗು ಕಟ್ಟಿಕೊಂಡು ಎದುರಾಗುವಾಗ, ಅಂಗಡಿಗಳಲ್ಲಿ ತೂಗುಬಿಟ್ಟ ಗಾಳಿಗಂಟೆಗಳು ಒಟ್ಟಿಗೆ ಸದ್ದು ಮಾಡತೊಡಗುತ್ತವೆ, ಆಗ ಕೆಳಗಿಡಿ.